ಬುಂಜಿಂಗ ಚಿತ್ರಕಾರರೂ ಚಿತ್ರ ಮಾರಿಯೇ ಬದುಕಿದರು

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಜಪಾನಿನ ಬುಂಜಿಂಗ, ಅಂದರೆ ಪಂಡಿತ ಕಲಾವಿದರ ನಿಸರ್ಗಚಿತ್ರಗಳ ಬಗ್ಗೆ ಲೇಖನ ಬಂದದ್ದು ಸಂತೋಷ. ಆದರೆ ಅವರೆಲ್ಲ ‘ಹಣ ಮುಟ್ಟದೆ ನಿಜಾನಂದಕ್ಕೆ ಬರೆದವರು’ ಎಂದಿರುವುದು ಸರಿಯಲ್ಲ. ಅದು ಚೀನಾದ ಅಧಿಕಾರಿ ಪಂಡಿತರ ಆದರ್ಶ. ಅವರಂತೆ ಪರೀಕ್ಷೆ ಬರೆದು ಅಧಿಕಾರಿಯಾಗುವ ದಾರಿಯೇ ಆಗಿನ ಜಪಾನಿನಲ್ಲಿ ಇರಲಿಲ್ಲ. ಕ್ಯೋಟೋದ ಇಕೆ ನೊ ತೈಗ (1723–1776) ಹುಡುಗನಾಗಿದ್ದಾಗಲೇ ಬೀಸಣಿಗೆಗಳ ಮೇಲೆ ಚಿತ್ರ ಬರೆದು ಮಾರಿದವರು. ಹೈಕು ಕವಿ ಬುಸೊನ್ ಅವರ ಅಭಿಮಾನಿಗಳು 1760ರ ದಶಕದಲ್ಲಿ ಚೀಟಿ ಕಟ್ಟಿ, ಕೂಡಿದ ಹಣದಲ್ಲಿ ಅವರಿಂದ ದೊಡ್ಡ ಮಡಿಕೆ ಪರದೆಗಳನ್ನು ಬರೆಸಿಕೊಂಡರು. ಇಬ್ಬರೂ ಸೇರಿ 1771ರಲ್ಲಿ ಬರೆದ, ಸುಮಾರು ಗೇಣಗಲದ ಇಪ್ಪತ್ತು ಹಾಳೆಗಳ ‘ಹತ್ತು ಅನುಕೂಲ, ಹತ್ತು ಸೊಗಸು’ ಇಂದು ಅಲ್ಲಿ ರಾಷ್ಟ್ರೀಯ ನಿಧಿ.

ಲೇಖನದ ಮಾತು ಅಷ್ಟಿಷ್ಟು ಹೊಂದುವುದಿದ್ದರೆ ಅದು ಉರಗಾಮಿ ಗ್ಯೊಕುದೊ ಅವರಿಗೆ. ಸಮುರಾಯ್ ಹುದ್ದೆ ಬಿಟ್ಟು, 1794ರಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ, ಏಳು ತಂತಿಯ ವಾದ್ಯ ಹೊತ್ತು ಊರೂರು ಅಲೆದವರು ಅವರು.

ಇನ್ನು ಲೇಖನದ ‘ಒಂದೇ ಉಸಿರಿಗೆ ಬರೆಯುವುದು’ ಎಂಬ ವರ್ಣನೆಯೂ ಸರಿಯಲ್ಲ. ಗ್ಯೊಕುದೊ ಅವರ ಹಿಮದ ಬೆಟ್ಟಗಳನ್ನೇ ನೋಡಿ: ಮೊದಲು ತೆಳು ಮಸಿ, ಅದರ ಮೇಲೆ ಒಣಗಿದ ಕುಂಚದ ಉಜ್ಜುಗೆರೆಗಳು, ಮತ್ತೆ ಕಪ್ಪು ಚುಕ್ಕಿಗಳು. ಹಿಮ ಎಂದು ಕಾಣುವುದು ಬಿಳಿ ಬಣ್ಣವಲ್ಲ, ಮಸಿ ತಾಕದೆ ಉಳಿದ ಕಾಗದ.

ಜೊತೆಗಿದ್ದ ‘ನೀವೂ ಬರೆಯಿರಿ’ ಅಂಕಣದಲ್ಲಿ ಬಾಟಲಿ ಇಂಕು ಸಾಕೆಂದಿದೆ. ಕೆಲವು ಬಾಟಲಿ ಇಂಕುಗಳಲ್ಲಿ ಕೃತಕ ರಾಳ ಇರುತ್ತದೆ. ಕುಂಚದ ಬುಡದಲ್ಲಿ ಒಣಗಿದರೆ ಕೂದಲು ಮತ್ತೆ ಬಿಡಿಯಾಗುವುದಿಲ್ಲ. ಅದರ ಬದಲು ಮಸಿಕಡ್ಡಿ ಬಳಸಿ; ಅದು ಹೊಗೆಮಸಿ ಮತ್ತು ಪ್ರಾಣಿಜನ್ಯ ಅಂಟು ಸೇರಿಸಿ ಒಣಗಿಸಿದ ಕಡ್ಡಿ. ಕಲ್ಲಿನ ಮೇಲೆ ನಾಲ್ಕೈದು ಹನಿ ನೀರು ಹಾಕಿ, ಒತ್ತದೆ ಮೆಲ್ಲಗೆ ತೇಯಬೇಕು. ಒತ್ತಿದರೆ ಕಣ ದಪ್ಪವಾಗಿ ಮಸಿ ಮಂಕಾಗುತ್ತದೆ. ಮೊದಲೇ ಹೆಚ್ಚು ನೀರು ಸುರಿದರೆ ಕಪ್ಪೇರಲು ಬಹಳ ಹೊತ್ತು ತೇಯಬೇಕಾಗುತ್ತದೆ. ಉಳಿದ ಮಸಿಯಲ್ಲಿ ಅಂಟು ಕೊಳೆತು ನಾರುತ್ತದೆ, ಕಣಗಳು ಗಂಟು ಕಟ್ಟುತ್ತವೆ. ಅದರಿಂದ ಗೆರೆಗೆ ಬರುವ ಒರಟು ಅಂಚು ಬೇಕೆಂದೇ ಹಳೆ ಮಸಿ ಬಳಸುವವರಿದ್ದಾರೆ, ಕಲಿಯುವವರಿಗೆ ಅದು ಬೇಡ. ಕಡ್ಡಿಯ ತೇದ ತುದಿಯನ್ನು ಕೂಡಲೇ ಒರೆಸಿ; ಒದ್ದೆಯಾಗಿ ಬಿಟ್ಟರೆ ಬಿರುಕು ಬಿಡುತ್ತದೆ.

ಕಾಗದವೂ ಮುಖ್ಯ. ಅಂಟು, ಪಟಿಕದ ನೀರು ಸವರದ ಕಾಗದದಲ್ಲಿ ಮಸಿ ತಟ್ಟನೆ ಹರಡುತ್ತದೆ. ಸವರಿದ್ದರಲ್ಲಿ ಮೇಲೇ ನಿಲ್ಲುತ್ತದೆ, ಆದರೆ ಪಟಿಕ ಹೆಚ್ಚಾದರೆ ಕಾಗದ ಕಾಲಕ್ರಮೇಣ ಪುಡಿಯಾಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿ ಇದನ್ನು ಕೇಳಿಯೇ ಕೊಳ್ಳಿ.

– ಒಬ್ಬ ಓದುಗ, ಧಾರವಾಡ