ಟಿವಿ ಕಪಾಟು ಬಿಡು ಪುಟ್ಟೂ, ಹುತ್ತ ಕಟ್ಟು

ರಾಲೀ, ನಾರ್ತ್ ಕ್ಯಾರೊಲೈನ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ನೀನು ಕಳಿಸಿದ ಫೋಟೋ ನೋಡಿದೆ. 30 ಡಾಲರಿಗೆ ಹಳೇ ಟಿವಿ ಕಪಾಟು ಸಿಕ್ಕಿತು ಅಂತ ನಿನಗೆ ಖುಷಿ. ಹಿಂದಿನ ಹಲಗೆ ಕಿತ್ತು ಜಾಲರಿ ಹೊಡೆದು, ಮುಂದೆ ಗಾಜು ಕೂರಿಸಿ, ಒಳಗೊಂದು ಬಲ್ಬ್ ನೇತುಹಾಕಿದರೆ ಹಾವಿನ ಮನೆ ರೆಡಿ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಹ್ಞೂಂ ಮಾವ" ಅಂದುಬಿಡುತ್ತೀಯ, ನಿನ್ನ ಅಮ್ಮನೂ ಚಿಕ್ಕವಳಿದ್ದಾಗ ಹೀಗೇ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಆ ಕಪಾಟಿನ ವಿಷಯ ಮುಗಿಸೋಣ. ಅದು ಮರ ಅಲ್ಲ, ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ, ಮೇಲೆ ಮರದ ಚಿತ್ರ ಅಂಟಿಸಿದ್ದಾರೆ ಅಷ್ಟೆ. ನೀನು ತರುವ ಬಾಲ್ ಪೈಥಾನ್ ಅಂದರೆ ಆಫ್ರಿಕಾದ ಪುಟ್ಟ ಹೆಬ್ಬಾವು, ಅದಕ್ಕೆ ಒಳಗಿನ ಗಾಳಿಯಲ್ಲಿ ಕಡಿಮೆ ಅಂದರೂ 60 ಪರ್ಸೆಂಟ್ ತೇವ ಬೇಕು, ಪೊರೆ ಬಿಡುವಾಗ ಇನ್ನೂ ಸ್ವಲ್ಪ ಜಾಸ್ತಿ. ಆ ತೇವದಲ್ಲಿ ನಿನ್ನ ಕಪಾಟು ನೆನೆಸಿದ ಅವಲಕ್ಕಿ ಹಾಗೆ ಉಬ್ಬುತ್ತದೆ. ಆಮೇಲೆ ಹಲಗೆ ಬಿರಿದು, ಬೂಸ್ಟು ಹಿಡಿದು, ಒಂದು ದಿನ ಸ್ಕ್ರೂ ಸಮೇತ ಬಾಗಿಲೇ ಕೈಗೆ ಬರುತ್ತದೆ. ಹಿಂದೆ ಪೂರ್ತಿ ಜಾಲರಿ ಹೊಡೆದರೆ ಬಿಸಿಯೂ ತೇವವೂ ಅಲ್ಲಿಂದಲೇ ಹೊರಟುಹೋಗುತ್ತವೆ. ಸಾಲದು ಅಂತ ಹಾವು ರಾತ್ರಿಯೆಲ್ಲ ಜಾಲರಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಆ ಕಪಾಟನ್ನು ಪುಸ್ತಕಕ್ಕೆ ಇಟ್ಟುಕೋ.

ನಾವು ಪ್ರತಿ ವರ್ಷ ಪಂಚಮಿ ದಿನ ಹುತ್ತಕ್ಕೆ ಹಾಲೆರೆದು ಬೆಳೆದವರು. ಹಾವು ಹಾಲು ಕುಡಿಯೋದಿಲ್ಲ ಅನ್ನೋದು ಬೇರೆ ಮಾತು. ಆದರೆ ಆ ಹುತ್ತದ ಒಳಗೆ ಹೇಗಿರುತ್ತದೆ ಅಂತ ನಾನು ತೀರ್ಥಹಳ್ಳಿಯಲ್ಲಿ ಇದ್ದಷ್ಟು ದಿನ ಒಂದು ಸಲವೂ ಯೋಚಿಸಲಿಲ್ಲ. ಕತ್ತಲು, ಹದವಾದ ತೇವ, ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟು, ಹಗಲು ರಾತ್ರಿ ಹೆಚ್ಚು ಏರಿಳಿಯದ ಶಾಖ. ನೀನು ತರಬೇಕು ಅಂತಿರುವ ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾ ಮತ್ತು ಮಧ್ಯ ಆಫ್ರಿಕಾದ್ದು. ಅಲ್ಲಿ ಅದು ಇರುವುದೂ ಇಲಿ ಹೆಗ್ಗಣಗಳ ಬಿಲದಲ್ಲಿ, ಗೆದ್ದಲು ಕಟ್ಟಿದ ಹುತ್ತದಲ್ಲಿ! ಗೆದ್ದಲಿನ ಮನೆಗೆ ಹಾವು ಬಂದು ಸೇರುವ ಕತೆ ಅಲ್ಲಿಯೂ ಇದೆ ನೋಡು. ನೀನು ಕಟ್ಟಬೇಕು ಅಂತಿರುವುದು ಶೋಕೇಸು, ಅದಕ್ಕೆ ಬೇಕಿರುವುದು ಹುತ್ತ. ಕಟ್ಟುವಾಗ ಯಾವುದರಲ್ಲಿ ಅನುಮಾನ ಬಂದರೂ ಹುತ್ತದಲ್ಲಿ ಹೇಗಿರುತ್ತಿತ್ತು ಅಂತ ಕೇಳಿಕೋ.

ಎಷ್ಟು ದೊಡ್ಡದು ಅಂದೆಯಲ್ಲ. ಬೆಳೆದ ಹೆಣ್ಣು 4ರಿಂದ 5 ಅಡಿ ಇರುತ್ತದೆ, ಗಂಡು ಸ್ವಲ್ಪ ಗಿಡ್ಡ. ಉದ್ದ 4 ಅಡಿ, ಅಗಲ 2, ಎತ್ತರ 2 ಇರಲಿ. ಈ ಅಳತೆಯಲ್ಲಿ ಒಂದು ಚಂದದ ಲೆಕ್ಕ ಇದೆ. ಪ್ಲೈವುಡ್ ಹಲಗೆ ಬರುವುದೇ 4 ಅಡಿಗೆ 8 ಅಡಿ. ಅದನ್ನು ಅಡ್ಡಕ್ಕೆ ನಾಲ್ಕು ತುಂಡು ಮಾಡಿದರೆ ತಳ ಒಂದು, ಮೇಲ್ಚಾವಣಿ ಒಂದು, ಬೆನ್ನು ಒಂದು, ನಾಲ್ಕನೆಯದನ್ನು ಸರಿಯಾಗಿ ಅರ್ಧ ಮಾಡಿದರೆ ಎರಡು ಪಕ್ಕ. ಒಂದೇ ಹಲಗೆಯಲ್ಲಿ ಪೆಟ್ಟಿಗೆ ಮುಗಿಯಿತು, ಚೂರೂ ಹಾಳಿಲ್ಲ. ಆದರೆ ಗರಗಸವೂ ತಿನ್ನುತ್ತದೆ. ಒಂದೊಂದು ಕೊಯ್ತಕ್ಕೂ ಎಂಟನೇ ಒಂದು ಇಂಚು ಪುಡಿಯಾಗಿ ಹೋಗುತ್ತದೆ. 24 ಇಂಚು ಅಂತ ಮೂರು ತುಂಡು ಕೊಯ್ದರೆ ನಾಲ್ಕನೆಯದು ಗಿಡ್ಡ ಬರುತ್ತದೆ, ಪೆಟ್ಟಿಗೆ ಕುಂಟುತ್ತದೆ. ನಾಲ್ಕನ್ನೂ 23¾ ಇಂಚಿಗೆ ಗುರುತು ಹಾಕು. ಹಲಗೆ ಕೊಳ್ಳುವಲ್ಲೇ ಕೊಯ್ದು ಕೊಡುತ್ತಾರೆ, ಅಲ್ಲೇ ಮಾಡಿಸಿಕೋ. ಮುಕ್ಕಾಲು ಇಂಚಿನ ಪೂರ್ತಿ ಹಲಗೆ 60–70 ಪೌಂಡ್ ತೂಗುತ್ತದೆ, ನಿನ್ನ ಪುಟ್ಟ ಕಾರಿಗೂ ಹಿಡಿಸಲ್ಲ. ಇನ್ನೊಂದು, ನಿನ್ನದು ಮೂರನೇ ಮಹಡಿ. ಮೆಟ್ಟಿಲ ತಿರುವನ್ನೂ ಬಾಗಿಲನ್ನೂ ಇವತ್ತೇ ಅಳತೆ ಮಾಡು. ನಾನು ಮೊದಲನೇ ಪೆಟ್ಟಿಗೆಯನ್ನು ಬೇಸ್‌ಮೆಂಟಿನಲ್ಲಿ ಕಟ್ಟಿ, ಮೇಲೆ ತರಲಾಗದೆ ಬಿಚ್ಚಿ ಇನ್ನೊಮ್ಮೆ ಕಟ್ಟಿದವನು.

ಮರ ಯಾವುದಾದರೂ ಸರಿ, ಸೀಡರ್ ಮಾತ್ರ ಬೇಡ. ಘಮ ಘಮ ಅಂತ ನಮಗೆ ಇಷ್ಟ, ಅದರ ಎಣ್ಣೆಯ ಆವಿ ಹಾವಿಗೆ ಆಗಿಬರಲ್ಲ. ಹೊರಗಿನ ಡೆಕ್ಕಿಗೆ ಹಾಕುವ ಔಷಧಿ ಕುಡಿಸಿದ ಹಲಗೆಯೂ ಬೇಡ. ಪಿವಿಸಿ ಹಲಗೆ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಹಗುರ, ನೀರು ಕುಡಿಯಲ್ಲ, ಬೆಲೆ ಮಾತ್ರ ಜಾಸ್ತಿ. ನಿಜ ಹೇಳಬೇಕು ಅಂದರೆ ಗಾಜು, ಬಣ್ಣ, ಬಿಸಿ ಸಾಮಾನು ಎಲ್ಲ ಸೇರಿಸಿದರೆ ಮನೆಯಲ್ಲಿ ಕಟ್ಟಿದ ಪೆಟ್ಟಿಗೆ ಅಷ್ಟೇನೂ ಅಗ್ಗವಲ್ಲ. ದುಡ್ಡು ಉಳಿಸಬೇಕು ಅಂತ ಕಟ್ಟುವುದಾದರೆ ರೆಡಿ ಇರುವುದನ್ನೇ ಕೊಂಡುಕೋ, ಗರಗಸ ಹಿಡಿಯುವ ಆಸೆ ಇದ್ದರೆ ಕಟ್ಟು. ನಿನಗೆ ಆಸೆ ಇದೆ ಅಂತ ಗೊತ್ತು, ಅಜ್ಜನ ಮನೆಯಲ್ಲಿ ಆಚಾರ್ರ ಹಿಂದೆ ಉಳಿ ಹಿಡಿದು ಓಡಾಡುತ್ತಿದ್ದವನು ನೀನು.

ಒಳಗಡೆ ನೀರಿನ ಪಾಲಿಯುರಿಥೇನ್ (ಮರಕ್ಕೆ ನೀರು ಇಳಿಯದ ಹಾಗೆ ಬಳಿಯುವ ವಾರ್ನಿಷು) ಮೂರು ಕೋಟು ಹೊಡೆ. ಒಂದು ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ ಇನ್ನೊಂದು. ಮೂಲೆ ಮೂಲೆಗೂ ಸಿಲಿಕೋನ್ ಎಳೆ, ಮೀನಿನ ತೊಟ್ಟಿಗೆ ಹಾಕುವಂಥದ್ದು. ಬಚ್ಚಲಿಗೆ ಹಾಕುವುದರಲ್ಲಿ ಬೂಸ್ಟು ಬಾರದ ಔಷಧಿ ಸೇರಿಸಿರುತ್ತಾರೆ, ಅದು ಬೇಡ. ಮೂಲೆ ಮುಚ್ಚುವುದು ನೀರು ಇಳಿಯದಿರಲಿ ಅಂತ ಮಾತ್ರ ಅಲ್ಲ. ಹಾವಿನ ಮೈಗೆ ಹತ್ತುವ ಉಣ್ಣಿಯಂಥ ಸಣ್ಣ ಕರೀ ಹುಳ ಒಂದಿದೆ. ಅದು ಮರದ ಸಂದಿಯಲ್ಲಿ ಮೊಟ್ಟೆ ಇಟ್ಟಿತೋ, ಆ ಪೆಟ್ಟಿಗೆ ಒಲೆಗೇ. ಬಣ್ಣ ಕೈಗೆ ಒಣಗಿದ ಹಾಗೆ ಕಂಡರೂ ಒಳಗೆ ಇನ್ನೂ ಹಸಿ ಇರುತ್ತದೆ, ಅವಸರ ಮಾಡಬೇಡ. ಬಾಗಿಲು ಹಾಕಿಟ್ಟು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತಲೆ ಒಳಗೆ ಹಾಕಿ ಮೂಸು. ಬಣ್ಣದ ವಾಸನೆಯೋ ವಿನೆಗರ್ ವಾಸನೆಯೋ ಬಂದರೆ ಇನ್ನೂ ಕಾಯಬೇಕು.

ಮುಂದಕ್ಕೆ ಜಾರುವ ಗಾಜು. ಪ್ಲಾಸ್ಟಿಕ್ ಶೀಟು ಬಿಸಿಗೆ ಬಾಗುತ್ತದೆ, ಬಾಗಿದ ಕಡೆ ಸಂದಿ ಬೀಳುತ್ತದೆ. ಕೆಳಗೆ 4 ಇಂಚಿನ ಪಟ್ಟಿ ಕೊಡು, ಇಲ್ಲದಿದ್ದರೆ ಬಾಗಿಲು ತೆಗೆದಾಗಲೆಲ್ಲ ಒಳಗೆ ಹಾಸಿದ ತೆಂಗಿನ ನಾರಿನ ಪುಡಿ ನೆಲಕ್ಕೆ ಸುರಿಯುತ್ತದೆ. ಮೇಲಿನ ಟ್ರ್ಯಾಕು ಆಳ, ಕೆಳಗಿನದು ಗಿಡ್ಡ, ಗಾಜನ್ನು ಮೇಲಕ್ಕೆತ್ತಿ ಕೆಳಗಿಳಿಸಿದರೆ ಕೂರುತ್ತದೆ. ಟ್ರ್ಯಾಕು ಕೂರಿಸಿದ ಮೇಲೆಯೇ ಗಾಜಿಗೆ ಅಳತೆ ಕೊಡಬೇಕು. ಟೆಂಪರ್ಡ್ ಗಾಜನ್ನು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು, ಆಮೇಲೆ ಕೊಯ್ಯಲಾಗದು, ಒಂದು ನೂಲು ಜಾಸ್ತಿ ಆದರೂ ಅದು ಗೋಡೆಗೆ ಒರಗಿಸಿಡಲಿಕ್ಕೇ ಸರಿ. ಬೀಗ ಹಾಕು. ಹಾವಿಗೆ ಕೈ ಇಲ್ಲ ಅಂತ ನಗಬೇಡ, ಗಾಜಿನ ಅಂಚಿಗೆ ಮೂತಿ ಒತ್ತಿ ಜಾರಿಸುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನನ್ನ ಕಾರ್ನ್ ಸ್ನೇಕ್ ಮರಿ ತಪ್ಪಿಸಿಕೊಂಡ ಕತೆ ನಿನ್ನ ಅತ್ತೆ ಎಷ್ಟು ಸಲ ಹೇಳಿದ್ದಾಳೋ. ಆದರೆ ಅದು ಯಾಕೆ ಆಯ್ತು ಅಂತ ಅವಳು ಹೇಳಿರಲಿಕ್ಕಿಲ್ಲ, ತಪ್ಪು ನನ್ನದು. ಬಿಸಿ ಸಾಮಾನಿನ ವೈರು ಹೊರಗೆ ತರಲು ತೂತು ಬೇಕಲ್ಲ. ವೈರು ಸಣ್ಣ, ಪ್ಲಗ್ಗು ದೊಡ್ಡ, ಅದಕ್ಕೆ ಒಂದೂವರೆ ಇಂಚಿನ ತೂತು ಕೊರೆದೆ. ಸುತ್ತ ಉಳಿದ ಜಾಗ ನಾಳೆ ಮುಚ್ಚಿದರಾಯ್ತು ಅಂದುಕೊಂಡೆ. ಕಾರ್ನ್ ಸ್ನೇಕ್ ಮರಿ ಪೆನ್ಸಿಲ್ ದಪ್ಪ. ತಲೆ ತೂರಿದರೆ ಮೈ ತೂರಿದ ಹಾಗೆ. ಬೆಳಿಗ್ಗೆ ಪೆಟ್ಟಿಗೆ ಖಾಲಿ. ನಮ್ಮ ಕೇರೆ ಹಾವಿನ ದೂರದ ನೆಂಟ ಅದು, ವಿಷ ಇಲ್ಲ ಏನಿಲ್ಲ ಅಂತ ಎಷ್ಟು ಹೇಳಿದರೂ ಅತ್ತೆ ಕಾಲು ನೆಲಕ್ಕೆ ಊರಲಿಲ್ಲ, ಸೋಫಾ ಮೇಲೇ ಕೂತು ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು. 9 ದಿನ ಆದ ಮೇಲೆ ಫ್ರಿಜ್ ಹಿಂದೆ ಕಂಪ್ರೆಸರ್ ಪಕ್ಕ ಸುರುಳಿ ಸುತ್ತಿ ಬೆಚ್ಚಗೆ ಮಲಗಿತ್ತು. ಮೊದಲು ನೋಡಿದವಳೂ ಅವಳೇ. ಮುಂದಿನ ಸಲ ಊರಿಗೆ ಹೋದಾಗ ಹರಕೆ ತೀರಿಸಲು ನಾನೂ ಜೊತೆಗೆ ಹೋಗಿ ಸಾಲಿನಲ್ಲಿ ನಿಂತೆ, ನಿಲ್ಲದೆ ಉಂಟಾ! ನೀನು ತೂತು ಕೊರೆದ ದಿನವೇ ಮುಚ್ಚು. ಗಾಳಿಗೆ ಬಿಡುವ ತೂತುಗಳಿಗೂ ಅಷ್ಟೆ, ಒಂದು ಪಕ್ಕದಲ್ಲಿ ಕೆಳಗೆ ನಾಲ್ಕು, ಎದುರು ಪಕ್ಕದಲ್ಲಿ ಮೇಲೆ ನಾಲ್ಕು ಕೊರೆದು ಸಣ್ಣ ಜಾಲರಿ ಬಿಲ್ಲೆ ಕೂರಿಸು.

ಇನ್ನು ಬಿಸಿ. ಈ ಒಂದು ವಿಷಯವನ್ನು ಗಮನ ಇಟ್ಟು ಓದು.

ನನ್ನ ಮೊದಲ ಬಾಲ್ ಪೈಥಾನ್‌ಗೆ ಬಿಸಿ ಮ್ಯಾಟ್ ತಂದು ಹಾಸಿದೆ, ಬಿಸಿ ಮಿತಿ ಮೀರದ ಹಾಗೆ ತಾನೇ ಆರಿಸಿ ಹೊತ್ತಿಸುವ ಥರ್ಮೋಸ್ಟ್ಯಾಟ್ ತರಲಿಲ್ಲ. ಕೈ ಇಟ್ಟು ನೋಡಿದೆ, ಬೆಚ್ಚಗಿತ್ತು, ಸಾಕು ಅಂದುಕೊಂಡೆ. ಚಳಿಗಾಲದ ಒಂದು ವಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ಬಂದು ನೋಡಿದರೆ ಹಾವು ಅದೇ ಮ್ಯಾಟಿನ ಮೇಲೆ ಮಲಗಿತ್ತು. ಎತ್ತಿದೆ. ಹೊಟ್ಟೆ ಕೆಳಗಿನ ಪೊರೆಯೆಲ್ಲ ಕಂದು ತಿರುಗಿ ಎದ್ದಿತ್ತು. ಸುಡುತ್ತಿದ್ದರೆ ಎದ್ದು ಹೋಗಬಹುದಿತ್ತಲ್ಲ ಅಂತ ನೀನೂ ಕೇಳುತ್ತೀಯ, ನಾನೂ ಕೇಳಿದೆ. ಹಾವು ಹಾಗೆ ಸರಿದುಹೋಗುವುದನ್ನು ನೆಚ್ಚಿಕೊಳ್ಳುವಂತಿಲ್ಲ. ಗೂಡಿನಲ್ಲಿ ಬೇರೆಲ್ಲೂ ಬೆಚ್ಚಗಿಲ್ಲದಿದ್ದರೆ ಸುಡುವ ಜಾಗದ ಮೇಲೇ ಬಿದ್ದಿರುತ್ತದೆ. ಡಾಕ್ಟರ ಬಿಲ್ಲಿನಲ್ಲಿ ಐದಾರು ಥರ್ಮೋಸ್ಟ್ಯಾಟ್ ಬರುತ್ತಿತ್ತು, ಅದು ಹೋಗಲಿ. ಮೂರು ಸಲ ಪೊರೆ ಬಿಟ್ಟ ಮೇಲೆ ಗಾಯ ಮಾಯಿತು, ಕಲೆ ಮಾತ್ರ ಹಾಗೇ ಇದೆ. ನೀನು ಹೋದ ಸಲ ಬಂದಾಗ ಕೈಯಲ್ಲಿ ಹಿಡಿದು "ಇದೇನು ಮಾವ, ಮಚ್ಚೆ ಇದೆಯಲ್ಲ" ಅಂದೆ. ನಾನು ಮಾತು ಬದಲಿಸಿದೆ.

ಹಾಗಾಗಿ ಥರ್ಮೋಸ್ಟ್ಯಾಟ್ ಇಲ್ಲದೆ ಯಾವ ಬಿಸಿ ಸಾಮಾನನ್ನೂ ಪ್ಲಗ್ಗಿಗೆ ಸಿಕ್ಕಿಸಬೇಡ. ಮರದ ಪೆಟ್ಟಿಗೆಗೆ ಮೇಲ್ಚಾವಣಿಗೆ ಸ್ಕ್ರೂ ಹಾಕುವ ರೇಡಿಯಂಟ್ ಪ್ಯಾನೆಲ್ (ಮೇಲಿಂದ ಬಿಸಿ ಸೂಸುವ ಚಪ್ಪಟೆ ಹಲಗೆ) ಒಳ್ಳೆಯದು, ಬೆಳಕು ಇಲ್ಲ, ಹಾವು ಸುತ್ತಿಕೊಳ್ಳಲು ಆಗಲ್ಲ. ಬಲ್ಬೇ ಹಾಕುತ್ತೇನೆ ಅಂದರೆ ಹೋಲ್ಡರ್ ಪಿಂಗಾಣಿಯದೇ ಇರಬೇಕು, ಸುತ್ತ ತಂತಿ ಪಂಜರ ಬೇಕು. ನೇತುಹಾಕುವುದಂತೂ ಬೇಡವೇ ಬೇಡ. ಒಂದು ಕೊನೆ 88ರಿಂದ 92 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 31–33, ಇನ್ನೊಂದು ಕೊನೆ 76–80. ಎರಡೂ ಕೊನೆಗೆ ಒಂದೊಂದು ಇಕ್ಕಟ್ಟಾದ ಅಡಗುತಾಣ. ಒಂದೇ ಇಟ್ಟರೆ ಅದು ಬಿಸಿ ಬೇಕೋ ಧೈರ್ಯ ಬೇಕೋ ಅಂತ ಆರಿಸಬೇಕಾಗುತ್ತದೆ. ಥರ್ಮೋಸ್ಟ್ಯಾಟಿನ ಬಿಸಿ ಅಳೆಯುವ ತುದಿಯನ್ನು ಸುಮ್ನೆ ನೆಲದ ಮೇಲೆ ಬಿಡಬೇಡ. ಹಾವು ಅದನ್ನು ತಣ್ಣಗಿನ ಮೂಲೆಗೆ ತಳ್ಳಿದರೆ ಯಂತ್ರ ಇನ್ನೂ ಚಳಿ ಇದೆ ಅಂದುಕೊಂಡು ಉರಿಸುತ್ತಲೇ ಇರುತ್ತದೆ. ಕ್ಲಿಪ್ಪು ಹಾಕಿ ಸ್ಕ್ರೂ ಮಾಡು. ಟೇಪಿನಲ್ಲಿ ಅಂಟಿಸಬೇಡ! ಪೆಟ್ಟಿಗೆಯೊಳಗೆ ಒಂದು ಚೂರು ಟೇಪೂ ಇರಕೂಡದು, ಹಾವಿನ ಮೈಗೆ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ.

ಎಲ್ಲ ಆದ ಮೇಲೆ 15 ದಿನ ಪೆಟ್ಟಿಗೆಯನ್ನು ಖಾಲಿ ಓಡಿಸು. ಎರಡು ಡಿಜಿಟಲ್ ಮೀಟರ್ ಇಟ್ಟು ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಬರೆದಿಡು. ನಿನ್ನ ಮಿನಿಯಾಪೊಲಿಸ್ ಚಳಿಗೆ ಮನೆಯ ಹೀಟರ್ ಹೊತ್ತಿದರೆ ನಮ್ಮ ತುಟಿಯೇ ಒಡೆಯುತ್ತದೆ, ತೇವ ಎಷ್ಟು ಬೀಳುತ್ತದೆ ಅಂತ ಆಗಲೇ ತಿಳಿಯಬೇಕು. ಕಿಟಕಿ ಪಕ್ಕ ಇಡಬೇಡ. ಹಾವು ಮುಂದಿನ ತಿಂಗಳು ಬರುತ್ತದೆ ಅಂದೆಯಲ್ಲ, ಮಾರುವವರಿಗೆ ಇವತ್ತೇ ಫೋನ್ ಮಾಡಿ ಇನ್ನೊಂದು ತಿಂಗಳು ಅವರ ಹತ್ತಿರವೇ ಇರಲಿ ಅನ್ನು. ಅವಸರಕ್ಕೆ ಅರ್ಥವೂ ಇಲ್ಲ, ಅದು 20–30 ವರ್ಷ ನಿನ್ನ ಜೊತೆ ಇರುವ ಪ್ರಾಣಿ. ಸೇಂಟ್ ಲೂಯಿಸ್ ಝೂಗೆ 1961ರಲ್ಲಿ ಬಂದ ಬಾಲ್ ಪೈಥಾನ್ ಒಂದು 2020ರಲ್ಲಿ 7 ಮೊಟ್ಟೆ ಇಟ್ಟಿತು, ಲೆಕ್ಕ ಹಾಕು. ಅಷ್ಟರಲ್ಲಿ ನಿನಗೆ ಮದುವೆಯಾಗಿ ಮಕ್ಕಳಾಗಿ ಆ ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ. ಬೇಜಾರಾದರೆ ಹೊರಗೆ ಬಿಡುವಂತೆಯೂ ಇಲ್ಲ. ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಸಾಕಿದ ಬರ್ಮೀಸ್ ಹೆಬ್ಬಾವುಗಳು ಹೊರಬಿದ್ದು, ಸಂತತಿ ಬೆಳೆಸಿ, ಅಲ್ಲಿನ ಕಾಡುಪ್ರಾಣಿಗಳನ್ನೇ ತಿಂದುಹಾಕಿದ್ದು ಓದಿರುತ್ತೀಯ.

ಗೆಳೆಯನ ಕಾರ್ನ್ ಸ್ನೇಕನ್ನೂ ಅದರಲ್ಲೇ ಬಿಡಲಾ ಅಂತ ಕೇಳಿದ್ದೀಯ. ಬೇಡ. ಅವುಗಳಿಗೆ ಜೊತೆ ಬೇಕಿಲ್ಲ, ಒಂದು ಹಾವಿಗೆ ಒಂದು ಪೆಟ್ಟಿಗೆ. ಒಂದರ ಮೇಲೊಂದು ಪೇರಿಸುವ ಹಾಗೆ ಕಟ್ಟಬಹುದು, ಆದರೆ ಕೆಳಗಿನ ಬಿಸಿ ಮೇಲಕ್ಕೆ ಏರುತ್ತದೆ, ಒಂದೊಂದಕ್ಕೂ ಬೇರೆ ಥರ್ಮೋಸ್ಟ್ಯಾಟ್ ಬೇಕಾಗುತ್ತದೆ.

ನಿನ್ನ ತಮ್ಮ ಮೈಸೂರಿನಿಂದ ನನಗೂ ಮೆಸೇಜ್ ಹಾಕಿದ್ದ, ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ಕಿದೆ, ಅಣ್ಣನ ಹಾಗೆ ಸಾಕಲಾ ಅಂತ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ, ಅರಣ್ಯ ಇಲಾಖೆಗೆ ಫೋನ್ ಮಾಡು ಅಂತ ಬೈದಿದ್ದೇನೆ. ನೀನೂ ಒಂದು ಮಾತು ಹೇಳು, ನಿನ್ನ ವಿಡಿಯೋ ನೋಡಿಯೇ ಅವನಿಗೆ ಹುಚ್ಚು ಹತ್ತಿದ್ದು. ಹಾಗೇ ನಿನ್ನ ಅಪಾರ್ಟ್‌ಮೆಂಟಿನ ಬಾಡಿಗೆ ಕರಾರನ್ನೂ ತೆಗೆದು ಓದು.

ಥ್ಯಾಂಕ್ಸ್‌ಗಿವಿಂಗ್‌ಗೆ ನಾನೂ ಅತ್ತೆಯೂ ಬರುತ್ತೇವೆ. ಡ್ರಿಲ್ಲು, ಕ್ಲ್ಯಾಂಪು, ನನ್ನ ಹಳೇ ಮಟ್ಟಗೋಲು ತರುತ್ತೇನೆ, ಅಲ್ಲಿಯವರೆಗೆ ಹಲಗೆ ಕೊಯ್ಸಿ ಬಣ್ಣ ಹೊಡೆದು ಇಟ್ಟಿರು, ಟ್ರ್ಯಾಕು ಮಾತ್ರ ಅಂಟಿಸಬೇಡ. ಡಿಸೆಂಬರಿಗೆ ನಿನ್ನ ಅಮ್ಮ ಬರುತ್ತಾಳಲ್ಲ, ಅವಳು ಬರುವ ಮೊದಲು ಹಾವಿನ ಊಟದ ಇಲಿ ಇಡಲು ಒಂದು ಪುಟ್ಟ ಫ್ರೀಜರ್ ಬೇರೆ ತಂದುಕೋ. ಅಕ್ಕ ಒಬ್ಬಟ್ಟು ಮಾಡಿ ಫ್ರೀಜರಿನಲ್ಲಿ ಇಡುವವಳು. ಬಾಗಿಲು ತೆಗೆದು ಅದನ್ನು ನೋಡಿದಳೋ, ನಿನ್ನ ಹಾವೂ ನೀನೂ ಸೇರಿ ನನ್ನ ಮನೆಗೇ ಬರಬೇಕಾಗುತ್ತದೆ.

ನಿನ್ನ
ಮಾವ