ಕೇಳಿದ್ದು ಹತ್ತು, ಸಿಕ್ಕಿದ್ದು ಎರಡೂವರೆ

ಪ್ರಿಯ ಗೆಳೆಯಾ,

ಮನಸ್ಸಿಗೆ ಹುರುಪು ತುಂಬುವ ಹತ್ತು ಪುಸ್ತಕಗಳ ಪಟ್ಟಿ ಕಳಿಸು ಎಂದು ಬರೆದಿದ್ದೆಯಲ್ಲ, ಅದಕ್ಕಾಗಿಯೇ ನಿನ್ನೆ ಪುಸ್ತಕದ ಅಂಗಡಿಗೆ ಹೋಗಿದ್ದೆ. ಜೇಬಿನಲ್ಲಿ ಒಂದು ಚೀಟಿ, ಒಂದು ಪೆನ್ಸಿಲ್. ಏನನ್ನೂ ಕೊಳ್ಳಬಾರದು, ಬರೆದುಕೊಂಡು ಬರಬೇಕು ಅಷ್ಟೇ ಎಂದು ನನಗೆ ನಾನೇ ಕಟ್ಟಪ್ಪಣೆ ಮಾಡಿಕೊಂಡಿದ್ದೆ. ಮೂರು ಗಂಟೆ ಹುಡುಕಿದೆ. ಹತ್ತು ಸಿಗಲಿಲ್ಲ.

ಮೊದಲು ‘ವ್ಯಕ್ತಿತ್ವ ವಿಕಸನ’ ಎಂಬ ಫಲಕದ ಕೆಳಗೆ ನಿಂತೆ. ಇಷ್ಟು ಸೂತ್ರ, ಅಷ್ಟು ಮೆಟ್ಟಿಲು, ಇಂತಿಷ್ಟು ದಿನಗಳಲ್ಲಿ ಗೆಲುವು. ಬೆನ್ನುಡಿಗಳನ್ನು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಈ ವಂಶದ ಮುತ್ತಜ್ಜ ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ ‘ಸೆಲ್ಫ್ ಹೆಲ್ಪ್’ ಪ್ರಕಟಿಸಿದಾಗ ಅದರ ತುಂಬ ಇದ್ದದ್ದು ಕುಂಬಾರರ, ಯಂತ್ರ ಕಟ್ಟಿದವರ ಬದುಕಿನ ಕಥೆಗಳು. ಮರಿಮಕ್ಕಳು ಬದುಕನ್ನು ಕೈಬಿಟ್ಟು ಸೂತ್ರವನ್ನಷ್ಟೇ ಉಳಿಸಿಕೊಂಡಿದ್ದಾರೆ. (ನಾನೇನೂ ಸಾಚಾ ಅಲ್ಲ. ನಸುಕಿನಲ್ಲೇ ಏಳುವುದನ್ನು ಕಲಿಸುವ ಪುಸ್ತಕವನ್ನು ರಾತ್ರಿ ಎರಡರವರೆಗೆ ಓದುತ್ತಾ ಕೂತವನು ನಾನೇ.)

ಆಮೇಲೆ ಆತ್ಮಕಥೆಗಳ ಕಪಾಟಿಗೆ ಸರಿದೆ. ನನ್ನ ಪರೀಕ್ಷೆ ನಿನಗೆ ಗೊತ್ತು: ಬೆನ್ನುಡಿ ಮುಟ್ಟುವುದಿಲ್ಲ, ನಡುವಿನ ಒಂದು ಪುಟ ತೆರೆಯುತ್ತೇನೆ, ಮುಂದಿನ ಪುಟಕ್ಕೆ ಕೈ ತಾನಾಗಿ ಹೋದರೆ ಹೆಸರು ಚೀಟಿಗೆ.

ಮೊದಲು ಚೀಟಿಗೆ ಏರಿದ್ದು ವಿಕ್ಟರ್ ಫ್ರಾಂಕಲ್ ಅವರ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’. ನಾಜಿ ಶಿಬಿರಗಳಿಂದ ಜೀವಂತ ಮರಳಿದ ಈ ಮನೋವೈದ್ಯರು 1945ರಲ್ಲಿ ಒಂಬತ್ತೇ ದಿನಗಳಲ್ಲಿ ಬರೆದದ್ದು. ಜರ್ಮನ್ ಭಾಷೆಯ ಮೊದಲ ಮುದ್ರಣದ ಮುಖಪುಟದಲ್ಲಿ ಅವರ ಹೆಸರೇ ಇರಲಿಲ್ಲ. ಆಚೆ ಕಪಾಟಿನಲ್ಲಾದರೋ ಮುಖಪುಟದ ಉದ್ದಗಲಕ್ಕೂ ಲೇಖಕರ ನಗುಮುಖ!

ಎರಡನೆಯದರ ಮುಂದೆ ನನ್ನ ಕಾಲು ನೋಯುವವರೆಗೂ ನಿಂತಿದ್ದೆ. ಜಾನ್ ಡೊಮಿನಿಕ್ ಬೋಬಿ, ಫ್ರೆಂಚ್ ಪತ್ರಿಕೆಯೊಂದರ ಸಂಪಾದಕ. 1995ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿದು ದೇಹವಿಡೀ ಮರಗಟ್ಟಿತು. ಹೇಳಿದ ಮಾತು ಕೇಳುತ್ತಿದ್ದದ್ದು ಎಡಗಣ್ಣಿನ ರೆಪ್ಪೆಯೊಂದೇ. ಫ್ರೆಂಚಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರದಿಂದ ಶುರುಮಾಡಿ ಒಬ್ಬರು ಒಂದೊಂದೇ ಅಕ್ಷರ ಹೇಳುತ್ತಾ ಹೋಗುವುದು, ಬೇಕಾದದ್ದು ಬಂದಾಗ ಇವರು ರೆಪ್ಪೆ ಮಿಟುಕಿಸುವುದು. ಹಾಗೆ ಕಟ್ಟಿದ ಪುಸ್ತಕ ‘ದಿ ಡೈವಿಂಗ್ ಬೆಲ್ ಆ್ಯಂಡ್ ದಿ ಬಟರ್‌ಫ್ಲೈ’. 1997ರ ಮಾರ್ಚಿನಲ್ಲಿ ಹೊರಬಂತು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತೆಳ್ಳನೆಯ ಪುಸ್ತಕ. ಇಷ್ಟೆಲ್ಲ ಆದರೂ ಉಪದೇಶವಿಲ್ಲ, ಕೊಂಕು ನಗೆಯೂ ಇದೆ. ‘ನನ್ನಿಂದ ಒಂದು ಪುಟವೂ ಬರೆಯಲಾಗುತ್ತಿಲ್ಲ’ ಎಂದು ನೀನು ಕಳೆದ ಪತ್ರದಲ್ಲಿ ಕೊರಗಿದ್ದು ಅಲ್ಲೇ ನೆನಪಾಯಿತು. ಬೈಯುತ್ತಿಲ್ಲ ಮಾರಾಯಾ, ನೆನಪಾಯಿತು ಅಷ್ಟೇ.

ಇನ್ನು ಆ ಅರ್ಧದ ವಿಷಯ. ಅಂಗಡಿ ಮುಚ್ಚುವ ಹೊತ್ತಿಗೆ ಮಣ್ಣಿನ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ನಿಂತಲ್ಲೇ ಹನ್ನೊಂದು ಪುಟ ಓದಿದೆ. ದೀಪ ಆರಿಸತೊಡಗಿದರು, ಹೆಸರು ಬರೆಯುವ ಬದಲು ಹಿಂಬದಿಯ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಸಂಖ್ಯೆ) ಗೀಚಿಕೊಂಡು ಬಂದೆ. ಮನೆಗೆ ಬಂದು ಎಣಿಸಿದರೆ ಹದಿಮೂರರ ಬದಲು ಹನ್ನೆರಡೇ ಅಂಕಿ! ಬಿಟ್ಟುಹೋದ ಜಾಗ ಯಾವುದೆಂದು ಗೊತ್ತಿದ್ದರೆ ಲೆಕ್ಕ ಹಾಕಿ ತುಂಬಬಹುದಿತ್ತು. ಒಂದು ಬಿಟ್ಟು ಒಂದು ಅಂಕಿಯನ್ನು ಮೂರರಿಂದ ಗುಣಿಸಿ ಎಲ್ಲ ಕೂಡಿದಾಗ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾಗಬೇಕು. ನನಗೆ ಜಾಗವೂ ಗೊತ್ತಿಲ್ಲ. ಮುಖಪುಟ ಹಸಿರು ಎಂಬುದೊಂದೇ ಗುರುತು.

ಶನಿವಾರ ಮತ್ತೆ ಹೋಗುತ್ತೇನೆ. ಬಿಡುವಾದರೆ ನೀನೂ ಬಾ, ನಾಲ್ಕು ಕಣ್ಣಿದ್ದರೆ ಬೇಗ ಸಿಗುತ್ತದೆ.

ಇಂತಿ,
ನಿನ್ನ ಗೆಳೆಯ