ಮಾಮನ ಮ್ಯಾನೇಜರ್‌ಗಿರಿ

ನಮ್ಮ ಕೂಟದ ಪತ್ರಿಕೆಯ ಈ ಸಲದ ಸಂಚಿಕೆ ಎರಡು ವಾರ ತಡ. ತಪ್ಪು ನನ್ನದೇ. ರಜೆಗೆಂದು ತುಮಕೂರಿಗೆ ಹೋದವನು ಹದಿನಾಲ್ಕರ ಒಳಗಿನ ಹುಡುಗಿಯರ ಟೆನಿಸ್ ತಂಡಕ್ಕೆ ಮ್ಯಾನೇಜರ್ ಆಗಿ ಸಿಕ್ಕಿಬಿದ್ದೆ. ಭಾವ ಕಾಲು ಉಳುಕಿಸಿಕೊಂಡು ಮಲಗಿದ್ದರು. ನನಗೆ ಟೆನಿಸ್ ಬರಲ್ಲ ಅಂದರೆ, "ಆಡೋರು ಮಕ್ಕಳು ಕಣೋ, ನೀನಲ್ಲ" ಅಂದಳು ಅಕ್ಕ.

ನಿಜವೇ. ಜನನ ಪ್ರಮಾಣಪತ್ರದ ಜೆರಾಕ್ಸ್, ನೀರಿನ ಕ್ಯಾನು, ಯಾರ ಕಾರಿನಲ್ಲಿ ಯಾರು, ಇಷ್ಟೇ ಕೆಲಸ. ಪಂದ್ಯ ಬೆಂಗಳೂರಿನಲ್ಲಿ. ಬರೀ 70 ಕಿಲೋಮೀಟರ್, ಆದರೂ ನಸುಕಿಗೇ ಹೊರಡಬೇಕು. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸುತ್ತೇನೆಂದು ಒಪ್ಪಿಕೊಂಡೆ, ಮಕ್ಕಳು ಎದ್ದರು.

ತಲೆನೋವು ತಂದದ್ದು ಹೆಸರಿನ ಪಟ್ಟಿ. ಎರಡು ಸಿಂಗಲ್ಸ್, ಒಂದು ಡಬಲ್ಸ್, ಒಟ್ಟು ನಾಲ್ಕು ಜನ. ನಮ್ಮಲ್ಲಿ ಐವರು. ಸಿಂಗಲ್ಸ್‌ಗೆ ಬಲದ ಕ್ರಮದಲ್ಲೇ ಹೆಸರು ಬರೆಯಬೇಕು, ನಮ್ಮ ಒಂದನೆಯವಳು ಅವರ ಒಂದನೆಯವಳ ಎದುರು. ಒಬ್ಬ ತಂದೆ ಪಕ್ಕಕ್ಕೆ ಕರೆದರು: "ಸಾರ್, ವೀಕ್ ಇರೋಳನ್ನ ಒಂದಕ್ಕೆ ಹಾಕ್ಬಿಡಿ, ಸೋಲ್ಲಿ. ನಮ್ಮ ಹುಡುಗಿ ಎರಡರಲ್ಲಿ ಸಲೀಸಾಗಿ ಹೊಡೀತಾಳೆ." ಜಾಣತನವೇನೋ ಸರಿ, ಆದರೆ ಬೇಕೆಂದೇ ಸೋಲಲು ಕಳಿಸಿದ ಆ ಇನ್ನೊಬ್ಬಳಿಗೆ ಏನು ಹೇಳುವುದು? ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲವಾದ್ದರಿಂದ ಆ ದಾರಿ ಬಿಟ್ಟೆ.

ಮಣ್ಣಿನ ಕೋರ್ಟಿಗೆ ದಿನಾ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವ ಮಾರ್ಕರ್ ಒಬ್ಬರಿದ್ದರು. ಅವರೆಂದರು, "ಆಡ್ಸಿ ಸಾರ್, ಗೊತ್ತಾಗ್ತದೆ." ಐವರು ಪರಸ್ಪರ ಆಡಿದರೆ ಹತ್ತು ಪಂದ್ಯ. ಮೊದಲು ನಾಲ್ಕು ಗೇಮ್ ಗೆದ್ದವರೇ ವಿಜೇತರೆಂದು ಚುಟುಕು ಮಾಡಿ, ಮೂರು ಸಂಜೆಯಲ್ಲಿ ಮುಗಿಸಿದೆವು. ಫಲಿತಾಂಶವನ್ನು ಮಾರ್ಕರ್ ಶೆಡ್ಡಿನ ಗೋಡೆಗೆ ಅಂಟಿಸಿದ ಮೇಲೆ ನನಗೆ ಒಂದು ಫೋನೂ ಬರಲಿಲ್ಲ.

ಡಬಲ್ಸ್‌ಗೆ ಬಿದ್ದ ಇಬ್ಬರು ಮಾತ್ರ ಮುಖ ಊದಿಸಿಕೊಂಡರು, ಅದು ಮಿಕ್ಕವರ ಆಟವಂತೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಡಬಲ್ಸ್‌ನಲ್ಲೇ, ಅದೂ 43ನೇ ವಯಸ್ಸಿನಲ್ಲಿ ಅಂದೆ. "ಅಷ್ಟು ವಯಸ್ಸಾಗೋವರೆಗೂ ಕಾಯ್ಬೇಕಾ ಅಂಕಲ್?" ಅಂದಳೊಬ್ಬಳು.

ಐದನೆಯವಳು ಯಾರೆಂದು ಇನ್ನೂ ಹೇಳಿಲ್ಲ. ಅಕ್ಕನ ಮಗಳು. ಹಿಂದಿನ ರಾತ್ರಿ ಅಕ್ಕ ಅನ್ನ ಬಡಿಸುತ್ತಾ, "ನಿನ್ನ ಕೈಯಲ್ಲೇ ಇತ್ತಲ್ಲೋ" ಅಂದಳು, ಅಷ್ಟೇ. ಬೆಂಗಳೂರಿನಲ್ಲಿ ಅಂಪೈರ್ ಇಲ್ಲದ ಪಂದ್ಯ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಆಯಾ ಹುಡುಗಿಯೇ ಹೇಳಬೇಕು, ಅನುಮಾನವಿದ್ದರೆ ಒಳಗೆಂದೇ ಲೆಕ್ಕ. ಸೊಸೆ ಬೆಂಚಿನ ಮೇಲೆ ಕೂತು ಸ್ಕೋರ್ ಬರೆದಳು, ನನ್ನ ಜೊತೆ ಮಾತಿಲ್ಲ. ತಂಡ 1–2ರಿಂದ ಸೋತಿತು. ಕ್ಯಾತ್ಸಂದ್ರದಲ್ಲಿ ಮೂರನೇ ಇಡ್ಲಿಗೆ ಅವಳು ಬಾಯಿ ಬಿಟ್ಟಳು: "ಮಾಮ, ಇನ್ನೊಂದು ಹೇಳು."

ನಮ್ಮ ಕೂಟದ ಮಕ್ಕಳ ತಂಡದ ವಿಷಯಕ್ಕೆ ನನಗೆ ಫೋನ್ ಮಾಡುತ್ತಿರುವ ಪೋಷಕರೇ, ಶನಿವಾರ ಮಕ್ಕಳನ್ನು ಆಡಲು ಕಳಿಸಿ. ಪಟ್ಟಿಯನ್ನು ಕೋರ್ಟಿನ ಬಾಗಿಲಿಗೆ ಅಂಟಿಸುತ್ತೇನೆ. ಅಕ್ಕ ಮಾತ್ರ ನನ್ನ ವಾಟ್ಸಾಪ್‌ಗೆ ಇವತ್ತಿಗೂ ಬರೀ ಹೆಬ್ಬೆರಳು ಕಳಿಸುತ್ತಿದ್ದಾಳೆ.